ಭಾರತವೂ 50%, ಜರ್ಮನಿಯೂ 50%: ಹಾಗಾದರೆ ಹಸಿರು ಇಂಧನದಲ್ಲಿ ಇಬ್ಬರೂ ಸಮವೇ?

ನಾನೂ ಇದೇ ಲೆಕ್ಕದಿಂದ ಶುರುಮಾಡಿದವನು, ಅದಕ್ಕೇ ನೇರವಾಗಿ ಹೇಳ್ತೀನಿ. ಸಮ ಅಲ್ಲ. ಭಾರತದ 50 ಸ್ಥಾಪಿತ ಸಾಮರ್ಥ್ಯದ (ಸ್ಥಾವರಗಳು ಪೂರ್ತಿ ಓಡಿದರೆ ಕೊಡಬಲ್ಲಷ್ಟರ) ಪಾಲು, ಜರ್ಮನಿಯ 50 ನಿಜಕ್ಕೂ ಬಳಕೆಯಾದ ಕರೆಂಟಿನ ಪಾಲು. ಮೊದಲನೆಯದು ಮೆಗಾವ್ಯಾಟ್, ಎರಡನೆಯದು ಯೂನಿಟ್.

2025ರ ಜೂನ್ ಹೊತ್ತಿಗೆ ಭಾರತದ ಸುಮಾರು 485 ಗಿಗಾವ್ಯಾಟ್‌ನಲ್ಲಿ ಅರ್ಧದಷ್ಟು ಪಳೆಯುಳಿಕೆಯೇತರ ಮೂಲದ್ದಾಯಿತು, ಅಂದರೆ ಕಲ್ಲಿದ್ದಲು, ಅನಿಲ, ತೈಲ ಬಿಟ್ಟು ಸೋಲಾರ್, ಗಾಳಿ, ಜಲ, ಅಣು ಇತ್ಯಾದಿ. 2030ರ ಗುರಿ ಐದು ವರ್ಷ ಮೊದಲೇ ಮುಟ್ಟಿತು, ದೊಡ್ಡ ಸಾಧನೆಯೇ. ಆದರೆ 2024ರಲ್ಲಿ ದೇಶದ ಕರೆಂಟಿನ ಹತ್ತಿರ ಹತ್ತಿರ ಮುಕ್ಕಾಲು ಪಾಲು ಬಂದಿದ್ದು ಕಲ್ಲಿದ್ದಲಿನಿಂದ.

ಯಾಕೆ ಹೀಗೆ ಅನ್ನೋದಕ್ಕೆ ನಮ್ಮಲ್ಲೇ ಲೆಕ್ಕ ಹಾಕಿ ನೋಡಿ. ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಕೈಗಾ ಅಣುಸ್ಥಾವರದಲ್ಲಿ 220ರ ನಾಲ್ಕು ಘಟಕ, ಒಟ್ಟು 880. ಸೂತ್ರ: ಮೆಗಾವ್ಯಾಟ್ × 8,760 ಗಂಟೆ (ಒಂದು ವರ್ಷ) × ಬಳಕೆ ಪ್ರಮಾಣ (ಪೂರ್ತಿ ಸಾಮರ್ಥ್ಯದಲ್ಲಿ ನಿಜಕ್ಕೂ ಸಿಗುವ ಪಾಲು) × 1,000 = ಯೂನಿಟ್. ರಾತ್ರಿ, ಮೋಡ, ಪ್ಯಾನೆಲ್ ಮೇಲಿನ ದೂಳು, ಬಿಸಿಯಾದಾಗ ಇಳಿಯುವ ಉತ್ಪಾದನೆ ಎಲ್ಲ ಕಳೆದು ಸೋಲಾರಿಗೆ 22% ಹಿಡಿದರೆ ವರ್ಷಕ್ಕೆ 395 ಕೋಟಿ ಯೂನಿಟ್. ಹಗಲು ರಾತ್ರಿ ಓಡುವ ಕೈಗಾಕ್ಕೆ 85% ಹಿಡಿದರೆ 655 ಕೋಟಿ. ಪ್ರಮಾಣಗಳು ನಾನು ಹಿಡಿದ ಅಂದಾಜು, ವರ್ಷದಿಂದ ವರ್ಷಕ್ಕೆ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತವೆ. ಆದರೂ ಸಾಮರ್ಥ್ಯದಲ್ಲಿ ಅರ್ಧವೂ ಇಲ್ಲದ ಸ್ಥಾವರ ಒಂದೂವರೆ ಪಟ್ಟು ಕರೆಂಟ್ ಕೊಡೋದು ಕಣ್ಣಿಗೆ ಕಾಣುತ್ತೆ.

ಸಾಮರ್ಥ್ಯದ ಅಂಕಿಯಲ್ಲಿ ಇನ್ನೂ ಎರಡು ಗುಂಡಿಗಳಿವೆ. ಕೆಲವು ಕಡೆ ಪ್ಯಾನೆಲ್‌ಗಳು ನೇರವಾಗಿ ಕೊಡುವ ಡಿಸಿ ಕರೆಂಟಿನ ಸಾಮರ್ಥ್ಯ ಬರೆಯುತ್ತಾರೆ, ಕೆಲವು ಕಡೆ ಅದನ್ನು ನಾವು ಬಳಸುವ ಎಸಿಗೆ ಬದಲಿಸುವ ಇನ್ವರ್ಟರ್‌ನಿಂದ ಹೊರಬರುವ ಸಾಮರ್ಥ್ಯ. ಒಂದೇ ಪಾರ್ಕು ಒಂದು ಪಟ್ಟಿಯಲ್ಲಿ 130, ಇನ್ನೊಂದರಲ್ಲಿ 100 ಆಗಿಬಿಡಬಹುದು. ಇನ್ನು, 2019ರ ಮಾರ್ಚ್‌ವರೆಗೆ ಭಾರತದಲ್ಲಿ 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತು ನವೀಕರಿಸಬಹುದಾದ ಇಂಧನದ ಪಟ್ಟಿಯಲ್ಲೇ ಇರಲಿಲ್ಲ. ಹಳೆಯ ವರದಿಯನ್ನು ಹೊಸದರ ಪಕ್ಕ ಇಟ್ಟರೆ, ಶರಾವತಿಯಂಥ ದಶಕಗಳ ಹಳೆಯ ಯೋಜನೆಯೂ ಹೊಸ ಪ್ರಗತಿಯಾಗಿ ಕಾಣುತ್ತೆ.

ನನ್ನ ಕೇಳಿದರೆ, ನವೀಕರಿಸಬಹುದಾದ ಪಾಲನ್ನು ಹೋಲಿಸೋದನ್ನೇ ಬಿಡಿ. ವಾತಾವರಣಕ್ಕೆ ಲೆಕ್ಕಕ್ಕೆ ಬರೋದು ಒಂದು ಯೂನಿಟ್ಟಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಅನ್ನೋದು. 2023ರಲ್ಲಿ ಜರ್ಮನಿಯ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನವೀಕರಿಸಬಹುದಾದದ್ದು, ಫ್ರಾನ್ಸಿನಲ್ಲಿ ಕಾಲು ಭಾಗದ ಆಸುಪಾಸು. ಆದರೆ ಒಂದು ಯೂನಿಟ್ಟಿಗೆ ಜರ್ಮನಿ ಬಿಟ್ಟಿದ್ದು 350–400 ಗ್ರಾಂ, ಫ್ರಾನ್ಸ್ ಸುಮಾರು 60. ಫ್ರಾನ್ಸಿನ ಮೂರನೇ ಎರಡು ಪಾಲು ಅಣುವಿದ್ಯುತ್ತು; ಜರ್ಮನಿ ತನ್ನ ಕೊನೆಯ ಅಣುಸ್ಥಾವರಗಳನ್ನು 2023ರ ಏಪ್ರಿಲ್‌ನಲ್ಲಿ ಮುಚ್ಚಿತು, ಕಲ್ಲಿದ್ದಲು ಉಳಿಯಿತು. ಆ ವರ್ಷ ಭಾರತ 700 ಗ್ರಾಂ ಮೇಲಿತ್ತು.

ಇದೂ ಕರೆಂಟಿನ ಕಥೆ ಮಾತ್ರ. ನಾರ್ವೆಯ ಕರೆಂಟ್ ಬಹುಪಾಲು ಜಲವಿದ್ಯುತ್ತು, ಆದರೂ ಅಲ್ಲಿನ ತಲಾ ಹೊರಸೂಸುವಿಕೆ ಭಾರತದ ಸುಮಾರು 2 ಟನ್‌ಗಿಂತ ಬಹಳ ಹೆಚ್ಚು; ವಾಹನ, ಕಾರ್ಖಾನೆ, ತೈಲ ತೆಗೆಯುವ ಕೆಲಸ ಬೇರೆ ಲೆಕ್ಕ. ಹಾಗಾಗಿ ಕೋಷ್ಟಕ ಮಾಡೋದಾದರೆ ಪ್ರತಿ ದೇಶಕ್ಕೂ ಮೂರು ಕಾಲಂ ಇಡಿ: ಯೂನಿಟ್ಟಿಗೆ ಗ್ರಾಂ, ಒಟ್ಟು ಹೊರಸೂಸುವಿಕೆ, ತಲಾ ಹೊರಸೂಸುವಿಕೆ. ಮೂರನ್ನೂ ಒಂದೇ ಮೂಲದಿಂದ ತೆಗೆದುಕೊಳ್ಳಿ, ಯಾಕಂದ್ರೆ ಬೇರೆ ಬೇರೆ ಸಂಸ್ಥೆಗಳ ವ್ಯಾಖ್ಯೆ ಬೇರೆ.

ಒಂದೇ ವರ್ಷದ ಅಂಕಿ ನಂಬಬೇಡಿ. ಮಳೆ ಕೈಕೊಟ್ಟ ವರ್ಷ ಜಲವಿದ್ಯುತ್ತು ಕುಸಿದು ಕಲ್ಲಿದ್ದಲು ಏರುತ್ತೆ. 2022ರಲ್ಲಿ ಫ್ರಾನ್ಸಿನ ಹಲವು ರಿಯಾಕ್ಟರ್‌ಗಳು ಪೈಪುಗಳ ತುಕ್ಕುಬಿರುಕಿನ ತಪಾಸಣೆಗೆ ನಿಂತಾಗ ಅಲ್ಲಿನ ಅಂಕಿಯೂ ಕೆಟ್ಟಿತ್ತು. ಕನಿಷ್ಠ ಐದು ವರ್ಷದ ಸರಾಸರಿ ಹಾಕಿ.