1.19 ಅಂದರೆ 0.6ರ ಎರಡು ಪಟ್ಟು ಅಪಾಯವೇ?

ಹೊಸನಗರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳಿಗೆ ಹೊಸ ಫೋನ್ ಕೊಡಿಸಿದೆ. *#07# ಒತ್ತಿದಾಗ ತಲೆಗೆ 1.19 ಅಂತ ಬಂತು. ನನ್ನ ಹಳೇ ಫೋನಿನದ್ದು 0.6. ಅವಳದ್ದು ಎರಡು ಪಟ್ಟು ಅಪಾಯವೇ? ವಾಪಸ್ ಕೊಡಲೇ?’

ಕೊಡಬೇಡಿ. ಆದರೆ ನೀವು ಅಂಕಿ ನೋಡಿದ್ದು ಒಳ್ಳೆಯದೇ ಆಯಿತು. ಫೋನಿನ ರೇಡಿಯೋ ತರಂಗಗಳ ಶಕ್ತಿಯನ್ನು ಮೈ ಎಷ್ಟು ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ಹೆಸರು ಎಸ್‌ಎಆರ್. ನಮ್ಮಲ್ಲಿ 2012ರ ಸೆಪ್ಟೆಂಬರ್‌ನಿಂದ ಇದರ ಮಿತಿ ಕಿಲೋಗೆ 1.6 ವಾಟ್. ನಿಮ್ಮ ಎರಡೂ ಫೋನ್ ಅದರೊಳಗೇ ಇವೆ.

ಈ ಅಂಕಿ ಹುಟ್ಟುವುದು ಪ್ರಯೋಗಾಲಯದಲ್ಲಿ. ತಲೆಯ ಆಕಾರದ ಪ್ಲಾಸ್ಟಿಕ್ ಅಚ್ಚಿಗೆ ನಮ್ಮ ತಲೆಯೊಳಗಿನ ಅಂಗಾಂಶವನ್ನು ಹೋಲುವ ದ್ರವ ತುಂಬುತ್ತಾರೆ. ಕಿವಿಯ ಪಕ್ಕ ಫೋನ್ ಇಟ್ಟು, ಅದು ಪೂರ್ತಿ ಜೋರಿನಲ್ಲಿ ತರಂಗ ಬಿಡುವ ಹಾಗೆ ಮಾಡಿ, ಒಳಗೆ ಕಡ್ಡಿಯಂಥ ಸಾಧನ ಇಳಿಸಿ ಅಳೆಯುತ್ತಾರೆ. ಸಿಕ್ಕಿದ್ದರಲ್ಲಿ ಅತಿ ಹೆಚ್ಚಿನದ್ದೇ ನೀವು ನೋಡಿದ 1.19. ದಿನನಿತ್ಯದ ಮಾತುಕತೆಯಲ್ಲಿ ಫೋನ್ ಅಷ್ಟು ಜೋರಾಗಿ ಕೆಲಸ ಮಾಡುವುದು ಕಡಿಮೆ. ಟವರ್‌ಗೆ ತಲುಪಲು ಎಷ್ಟು ಬೇಕೋ ಅಷ್ಟೇ ಶಕ್ತಿ ಬಳಸುತ್ತದೆ.

ನಿಮ್ಮೂರಿನ ಕಡೆಯವರು ಗಮನಿಸಬೇಕಾದ್ದು ಇದನ್ನೇ. ಗುಡ್ಡದ ಮರೆಯ ಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಫೋನ್ ಜಾಸ್ತಿ ಶಕ್ತಿ ಹಾಕುತ್ತದೆ. ಅಲ್ಲಿ ನಿಮ್ಮ 0.6ರ ಫೋನು, ಪೇಟೆಯಲ್ಲಿ ತುಂಬು ಸಿಗ್ನಲ್ ಇರುವ 1.19ರ ಫೋನಿಗಿಂತ ಹೆಚ್ಚು ತರಂಗ ಬಿಡಬಹುದು. ಟವರ್ ದೂರ ಇದ್ದಷ್ಟೂ ಕ್ಷೇಮ ಅಂತ ಎಷ್ಟೋ ಜನ ನಂಬಿದ್ದಾರೆ, ಅಲ್ವಾ? ಕಿವಿಗೆ ಒತ್ತಿಕೊಂಡ ಫೋನಿನ ಮಟ್ಟಿಗೆ ಅದು ಉಲ್ಟಾ.

ಮಿತಿ ಸುಮ್ನೆ ಕಾಗದದ ಮೇಲಿದೆ ಅಂದುಕೊಳ್ಳಬೇಡಿ. 2023ರಲ್ಲಿ ಫ್ರಾನ್ಸ್ ಸರ್ಕಾರದ ಪರೀಕ್ಷೆಯಲ್ಲಿ ಐಫೋನ್ 12, ಕೈಯಲ್ಲಿ ಹಿಡಿದಾಗಿನ ಅಳತೆಯಲ್ಲಿ, ಕೈಕಾಲಿಗೆ ಅಲ್ಲಿರುವ ಕಿಲೋಗೆ 4 ವಾಟ್ ಮಿತಿ ದಾಟಿ 5.74 ತೋರಿಸಿತು. ಅಲ್ಲಿ ಮಾರಾಟವೇ ನಿಂತಿತು. ಆಪಲ್ ಸಾಫ್ಟ್‌ವೇರ್ ಬದಲಿಸಬೇಕಾಯಿತು.

ಕ್ಯಾನ್ಸರ್ ವಿಷಯ ನೀವು ಕೇಳಿಲ್ಲ, ಆದರೂ ಮನಸ್ಸಿನಲ್ಲಿ ಅದೇ ಇರುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಅನ್ನುವ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ 2024ರಲ್ಲಿ ಬಂತು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ಅದರಲ್ಲಿ ನಂಟು ಕಾಣಲಿಲ್ಲ.

ಮಗಳಿಗೆ ಇಷ್ಟು ಹೇಳಿ: ಸಿಗ್ನಲ್ ಒಂದೇ ಕಡ್ಡಿ ಇದ್ದಾಗ ಫೋನ್ ಕಿವಿಗಿಟ್ಟು ಗಂಟೆಗಟ್ಟಲೆ ಮಾತಾಡಬೇಡ. ಸ್ಪೀಕರ್ ಹಾಕು, ಇಲ್ಲವೇ ವೈರಿನ ಇಯರ್‌ಫೋನ್ ಬಳಸು. ಒಂದು ಗೇಣು ದೂರ ಇಟ್ಟರೂ ಮೈಗೆ ತಾಕುವುದು ತುಂಬಾ ಕಡಿಮೆಯಾಗುತ್ತದೆ.

– ಸಂಪಾದಕ