ಕೂದಲ ಹಗ್ಗಕ್ಕೆ ಮಳೆಗಾಲದ ಕಾವಲು

ಉಡುಪಿಯ ಓದುಗರೊಬ್ಬರ ಪತ್ರ: “ಕಲಾವಿದೆ ಶೀಲಾ ಗೌಡ ಅವರ ‘ರಿಮೇನ್ಸ್’ (ಮಿಲಾನ್, 2019) ಪ್ರದರ್ಶನದ ಬಗ್ಗೆ ನಿಮ್ಮ ಲೇಖನ ಓದಿದೆ. ಕೂದಲ ಹಗ್ಗವನ್ನು ಪ್ರತಿ ಊರಲ್ಲೂ ಹೊಸದಾಗಿ ಕಟ್ಟಿದರೆ ಅದು ಅದೇ ಕೃತಿ ಹೇಗಾದೀತು? ನಮ್ಮ ವಿದ್ಯಾರ್ಥಿಗಳು ಜುಲೈಯಲ್ಲಿ ಕೂದಲು, ಹಳೆ ಬಂಪರ್, ಸಗಣಿ, ಕುಂಕುಮ ಬಳಸಿ ಪ್ರದರ್ಶನ ಮಾಡುವವರಿದ್ದಾರೆ. ಏನು ಜಾಗ್ರತೆ ಬೇಕು?”

ಮಾನ್ಯರೇ,

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರ ‘ಬಿಹೋಲ್ಡ್’ (2009) ಕೃತಿಯಲ್ಲಿ ಸುಮಾರು 4,000 ಮೀಟರ್ ಕೂದಲ ಹಗ್ಗವೂ ಇಪ್ಪತ್ತರಷ್ಟು ಕಾರಿನ ಬಂಪರುಗಳೂ ಇವೆ. ದೃಷ್ಟಿ ತಾಗದಿರಲೆಂದು ಗಾಡಿಗೆ ಕಟ್ಟುವ ಕರಿಹಗ್ಗವೇ ಇದರ ಮೂಲ. ಮುಡಿ ಕೊಟ್ಟ ಕೂದಲಲ್ಲಿ ಉದ್ದದ್ದು ವಿಗ್ಗಿಗೆ ಹೋದರೆ ಗಿಡ್ಡದ್ದು ಹೀಗೆ ಹಗ್ಗವಾಗುತ್ತದೆ. ಹಗುರ ಕೂದಲು ಭಾರದ ಉಕ್ಕನ್ನು ಹೊತ್ತಂತೆ ಕಾಣುವುದರಲ್ಲಿ ಕೃತಿಯ ಜೀವವಿದೆ. ಸುರುಳಿ ಎಲ್ಲಿ ಬಿತ್ತೆಂಬುದು ಗೋಡೆಗೆ ತಕ್ಕಂತೆ ಬದಲಾಗಲಿ, ಆ ಭಾರ ಕಣ್ಣಿಗೆ ತಾಗುವುದು ತಪ್ಪಬಾರದು. ನಿಮ್ಮ ಮಕ್ಕಳೂ ಗಂಟಿನ ಜಾಗ, ನೆಲದಿಂದ ಎತ್ತರ ಎಲ್ಲ ಬರೆದಿಟ್ಟು ಫೋಟೋ ತೆಗೆದುಕೊಳ್ಳಲಿ.

ನನಗೆ ಚಿಂತೆ ಜುಲೈಯದ್ದು. ನಮ್ಮ ಕರಾವಳಿಯಲ್ಲಿ ಆಗ ತೇವಾಂಶ ಬಹುಪಾಲು ಶೇ. 85ರ ಆಚೆಗೇ ಇರುತ್ತದೆ. ಬೂಸ್ಟು ಹಿಡಿಯಲು ಶೇ. 70 ಸಾಕು.

ಸಗಣಿಯ ಕೆಲಸವನ್ನು ಏಪ್ರಿಲ್–ಮೇ ಬಿಸಿಲಲ್ಲೇ ಮುಗಿಸಿ. ಅರ್ಧ ಇಂಚಿಗಿಂತ ದಪ್ಪ ಬೇಡ. ದಿನಾ ಮಗುಚಿ ಹಾಕಿ, ಒಂದೇ ಬದಿ ಒಣಗಿದರೆ ಬಾಗಿ ಬಿರುಕು ಬಿಡುತ್ತದೆ. ಮೇಲೆ ಗರಿಗರಿಯಾದರೂ ಒಳಗೆ ಹಸಿ ಉಳಿದಿರುತ್ತದೆ. ಕಣ್ಣನ್ನು ನಂಬದೆ ತಕ್ಕಡಿಯಲ್ಲಿ ತೂಗಿ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ಮುಚ್ಚಿಡಿ.

ಕೂದಲನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪಾಲಿಥಿನ್ ಚೀಲದಲ್ಲಿ ಬಿಗಿದು ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳದ ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ತಣ್ಣನೆ ಕೂದಲ ಮೇಲೆ ನೀರು ಕೂರುತ್ತದೆ.

ಹಗಲು ಎಸಿ ಹಾಕಿ ರಾತ್ರಿ ಆರಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತಣಿದ ಬಂಪರಿಗೆ ಹಸಿಗಾಳಿ ತಾಗಿ ಬೆವರುತ್ತದೆ, ತುಕ್ಕಿನ ನೀರು ಹಗ್ಗಕ್ಕೆ ಇಳಿಯುತ್ತದೆ. ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಬಾಡಿಗೆಗೆ ತಂದು ಹಗಲಿರುಳು ಓಡಿಸಿ, ತೇವಾಂಶವನ್ನು ಶೇ. 55ರ ಆಸುಪಾಸಿನಲ್ಲಿಡಿ.

ಕುಂಕುಮವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ; ಕೆಂಪು ಹರಡಿಕೊಂಡರೆ ಬಣ್ಣ ಬೆರೆಸಿದ್ದು, ತೇವಕ್ಕೆ ಇಳಿಯುತ್ತದೆ. ಅರಿಶಿನ–ಸುಣ್ಣದ್ದಾದರೆ ಬೆಳಕಿಗೆ ಮಾಸುತ್ತದೆ, ದೀಪದ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರದಿರಲಿ.

ಡಿಸೆಂಬರಿಗೆ ಮುಂದೂಡಲು ಆಗುವುದಾದರೆ ಖಂಡಿತ ಮುಂದೂಡಿ. ಆಗದಿದ್ದರೆ ಸಗಣಿಯ ಕೃತಿಗಳನ್ನು ಒಳಗೋಡೆಗೇ, ಹಿಂದೆ ಒಂದಿಂಚು ಜಾಗ ಬಿಟ್ಟು ಹಾಕಿ. ಮಳೆಗೆ ನೆನೆದ ಹೊರಗೋಡೆಗೆ ಒರಗಿಸಿದರೆ ಬೂಸ್ಟು ಹಿಂಬದಿಯಿಂದ ಬರುತ್ತದೆ, ಮುಂದಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

– ಸಂ.