ಕ್ಯಾಮೆರಾ ರೋಬೋ ಹಾಕಿದರೆ ಪೌಡರ್ ಕೋಟಿಂಗ್ ರಿಜೆಕ್ಷನ್ ನಿಲ್ಲುತ್ತದೆಯೇ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದೊಂದು ಪೌಡರ್ ಕೋಟಿಂಗ್ ಘಟಕ ಇದೆ, ಅಂದರೆ ಲೋಹಕ್ಕೆ ಬಣ್ಣದ ಪುಡಿ ಸಿಂಪಡಿಸಿ ಓವನ್ನಿನಲ್ಲಿ ಕಾಯಿಸುವ ಕೆಲಸ. ಪೂರ್ತಿ ಜಾಬ್ ವರ್ಕ್, ಬೇರೆಯವರು ಕೊಟ್ಟ ಬಿಡಿಭಾಗಗಳಿಗೇ (ಪಾರ್ಟ್) ಕೋಟಿಂಗ್. ಬ್ರಾಕೆಟ್, ಪ್ಯಾನೆಲ್ ಬಾಕ್ಸ್, ಫ್ರೇಮ್ ಎಲ್ಲ ಒಂದೇ ಕನ್ವೇಯರಿನಲ್ಲಿ ಬೆರೆತು ಬರುತ್ತವೆ. ಪೌಡರ್ ಸಿಂಪಡಿಸುವ ಗನ್ ಹಿಡಿಯುವ ನುರಿತ ಹುಡುಗರು ಸಿಗುತ್ತಿಲ್ಲ. ಕ್ಯಾಮೆರಾ ಇರುವ ರೋಬೋ ಹಾಕಿದರೆ ಪ್ರತಿ ಬಿಡಿಭಾಗಕ್ಕೂ ಪ್ರೋಗ್ರಾಮ್ ಬರೆಯಬೇಕಿಲ್ಲ, ಕೋಟಿಂಗ್ ಸರಿಯಿಲ್ಲವೆಂದು ಮಾಲು ವಾಪಸಾಗುವ ರಿಜೆಕ್ಷನ್ನೂ ನಿಲ್ಲುತ್ತದೆ ಎನ್ನುತ್ತಾರೆ ಮಾರುವವರು. ನಂಬಬಹುದಾ?

ಉತ್ತರ: ಮೊದಲ ಮಾತನ್ನು ಬಹುಮಟ್ಟಿಗೆ ನಂಬಬಹುದು. ಎರಡನೆಯದನ್ನು ನಂಬಬೇಡಿ.

ನಿಮ್ಮ ಕಷ್ಟ ಹಳೆಯದು. ನಾರ್ವೆಯ ಟ್ರಾಲ್ಫಾ ಕಂಪನಿಗೆ ತನ್ನ ಕೈಗಾಡಿಗಳಿಗೆ ಬಣ್ಣ ಹೊಡೆಯಲು ಜನ ಸಿಗದೆ, 1960ರ ದಶಕದಲ್ಲೇ ಪೇಂಟಿಂಗ್ ರೋಬೋ ಮಾಡಿಕೊಂಡಿತು. ಪೇಂಟರ್ ಒಮ್ಮೆ ತೋಳು ಹಿಡಿದು ಆಡಿಸಿದರೆ ಅದು ಹಾಗೇ ಮತ್ತೆ ಮತ್ತೆ ಮಾಡುತ್ತಿತ್ತು. ಮುಂದೆ ಬಂದದ್ದು ಬೇರೆ ವಸ್ತುವಾದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಕ್ಯಾಮೆರಾ ತುಂಬುವುದು ಈ ಕೊರತೆಯನ್ನೇ.

ಪೌಡರ್ ಸಿಂಪಡಿಸುವ ಬೂತಿಗೆ ಮುಂಚೆಯೇ 3ಡಿ ಕ್ಯಾಮೆರಾ ಅಥವಾ ಲೇಸರ್ ಸ್ಕ್ಯಾನರ್ ಪಾರ್ಟಿನ ಆಕಾರ ಅಳೆಯುತ್ತದೆ. ಪಾರ್ಟು ಎಷ್ಟು ಮುಂದೆ ಬಂತು ಅನ್ನುವುದನ್ನು ಕನ್ವೇಯರಿನ ಚಲನೆ ಅಳೆಯುವ ಎನ್‌ಕೋಡರ್ ಹೇಳುತ್ತದೆ. ಇವೆರಡನ್ನೂ ಇಟ್ಟುಕೊಂಡು ಕಂಪ್ಯೂಟರ್ ಗನ್ನಿನ ದಾರಿ ಲೆಕ್ಕ ಹಾಕುತ್ತದೆ. ಸ್ಕ್ಯಾನ್ ಆದ ಮೇಲೆ ಪಾರ್ಟು ತೂಗಾಡಿದರೆ ಆ ಲೆಕ್ಕವೆಲ್ಲ ವ್ಯರ್ಥ. ಒಂದೇ ಕೊಕ್ಕೆಗೆ ನೇತುಹಾಕುವ ಅಭ್ಯಾಸ ಬಿಡಿ. ಪಾರ್ಟನ್ನು ಹಿಡಿದಿಡುವ, ಅಲುಗದ, ತಿರುಗದ ಜಿಗ್ ಮೊದಲು ಮಾಡಿಸಿ. ಅದಕ್ಕೆ ಖರ್ಚು ಕಡಿಮೆ, ಲಾಭ ಜಾಸ್ತಿ. ಹೊಳೆಯುವ ಲೋಹ ಕ್ಯಾಮೆರಾವನ್ನು ಗೊಂದಲಕ್ಕೆ ಬೀಳಿಸುತ್ತದೆ. ಫಾಸ್ಫೇಟಿಂಗ್ (ಕೋಟಿಂಗಿಗೆ ಮುಂಚೆ ಕೊಡುವ ರಾಸಾಯನಿಕ ಲೇಪ) ಆದ ಮಂಕು ಮೈಯಾದರೆ ಆ ತಾಪತ್ರಯ ಅಷ್ಟಾಗಿ ಇರುವುದಿಲ್ಲ.

ರಿಜೆಕ್ಷನ್ ವಿಷಯಕ್ಕೆ ಬರೋಣ. ನಿಮ್ಮ ಪ್ಯಾನೆಲ್ ಬಾಕ್ಸುಗಳ ಒಳಮೂಲೆಯಲ್ಲಿ ಪೌಡರ್ ಸರಿಯಾಗಿ ಕೂರುವುದಿಲ್ಲ ಅಲ್ವಾ? ಗನ್ನಿನಿಂದ ವಿದ್ಯುತ್ ಚಾರ್ಜ್ ಆದ ಪೌಡರ್ ಹತ್ತಿರದ ಅಂಚಿಗೇ ಎಳೆದುಕೊಂಡು ಹೋಗುತ್ತದೆ, ಮೂಲೆ ಬರಿದಾಗಿ ಉಳಿಯುತ್ತದೆ. ಇದನ್ನು ಫ್ಯಾರಡೆ ಕೇಜ್ ಪರಿಣಾಮ ಎನ್ನುತ್ತಾರೆ. ಕ್ಯಾಮೆರಾಗೆ ಮೂಲೆ ಕಂಡರೂ ಪೌಡರ್ ಒಳಹೋಗುವುದು ಭೌತಶಾಸ್ತ್ರದ ಪ್ರಶ್ನೆ. ಅಲ್ಲಿ ಗನ್ನಿನ ವೋಲ್ಟೇಜ್, ಕರೆಂಟ್ ಎರಡನ್ನೂ ಇಳಿಸಬೇಕು, ಗಾಳಿಯ ರಭಸ ತಗ್ಗಿಸಬೇಕು. ನುರಿತ ಹುಡುಗ ಇದನ್ನು ಕೈಯಂದಾಜಿನಲ್ಲೇ ಮಾಡುತ್ತಾನೆ. ಅವನಿಂದ ಕೇಳಿ ಮೂಲೆಗೆ ಬೇರೆ, ಬಯಲು ಮೈಗೆ ಬೇರೆ ಸೆಟ್ಟಿಂಗ್ ಕೊಟ್ಟರೆ ರೋಬೋ ಪ್ರತಿ ಸಲವೂ ಹಾಗೇ ಪಾಲಿಸುತ್ತದೆ. ಆದ್ದರಿಂದ ಇರುವ ಹುಡುಗರನ್ನು ಬಿಡಬೇಡಿ. ದಿನವಿಡೀ ಪೌಡರ್ ಧೂಳಿನಲ್ಲಿ ನಿಲ್ಲುವ ಅವರನ್ನು ಬೂತಿನಿಂದ ಆಚೆ ತಂದು, ಸೆಟ್ಟಿಂಗ್ ಮತ್ತು ತಪಾಸಣೆಯ ಜವಾಬ್ದಾರಿ ಕೊಡಿ. ರೋಬೋ ತರಲು ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕಾರಣ.

ಎಣ್ಣೆ ಸರಿಯಾಗಿ ತೊಳೆಯದಿದ್ದರೆ, ಪೌಡರ್ ಮೆತ್ತಿದ ಕೊಕ್ಕೆಯಿಂದ ಅರ್ಥಿಂಗ್ ತಪ್ಪಿದ್ದರೆ, ಓವನ್ನಿನ ಬಿಸಿ ಎಲ್ಲ ಕಡೆ ಸಮ ಇಲ್ಲದಿದ್ದರೆ ಯಾವ ರೋಬೋನೂ ಕೆಲಸಕ್ಕೆ ಬರುವುದಿಲ್ಲ. ಗಾಳಿಯಲ್ಲಿ ದಟ್ಟವಾಗಿ ತೇಲುವ ಪೌಡರಿಗೆ ಕಿಡಿ ತಾಗಿದರೆ ಸ್ಫೋಟವೂ ಆಗಬಹುದು. ಹಾಗಾಗಿ ಬೂತಿನೊಳಗೆ ಇಡುವ ರೋಬೋ ಅಂಥ ಜಾಗಕ್ಕೆ ಒಪ್ಪಿಗೆ ಪಡೆದದ್ದೇ ಆಗಿರಬೇಕು. ಅಗ್ಗಕ್ಕೆ ಸಿಗುತ್ತದೆಂದು ಸಾಮಾನ್ಯ ರೋಬೋ ಕೂರಿಸಬೇಡಿ.

ನಾಲ್ಕೈದೇ ಬಗೆಯ ಪಾರ್ಟು ದೊಡ್ಡ ಲಾಟಿನಲ್ಲಿ ಬರುತ್ತಿದ್ದರೆ ಗನ್ನನ್ನು ಬರೀ ಮೇಲೆ ಕೆಳಗೆ ಓಡಿಸುವ ರೆಸಿಪ್ರೊಕೇಟರ್ ಯಂತ್ರ ಸಾಕು ಎನ್ನುತ್ತಿದ್ದೆ. ನಿಮ್ಮಲ್ಲಿ ಎಲ್ಲ ಬೆರೆತು ಬರುವುದರಿಂದ ಕ್ಯಾಮೆರಾಗೆ ಅರ್ಥವಿದೆ. ಹಣ ಕೊಡುವ ಮೊದಲು ನಿಮ್ಮ ಅತಿ ಕಷ್ಟದ ಪಾರ್ಟುಗಳನ್ನೇ ಮಾರುವವರ ಟ್ರಯಲಿಗೆ ಕಳುಹಿಸಿ. ಒಳಮೂಲೆಯಲ್ಲೂ ಅಂಚಿನಲ್ಲೂ ಗೇಜ್ ಇಟ್ಟು ಕೋಟಿಂಗಿನ ದಪ್ಪವನ್ನು ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳೆಯಿರಿ. ಗ್ರಾಹಕರು 60ರಿಂದ 80 ಕೇಳಿದ್ದರೆ ಎರಡೂ ಕಡೆ ಅಷ್ಟೇ ಬರಬೇಕು. ಆ ಅಂಕಿಯನ್ನು ಪರ್ಚೇಸ್ ಆರ್ಡರಿನಲ್ಲೇ ಬರೆಸಿ.